ನಮ್ಮಕ್ಕನನ್ನು ಸೊಪ್ಪೆಂದು ಪರಿಗಣಿಸಬೇಕಾಗಿ ವಿನಂತಿ

ಜಿಲ್ಲಾ ಕಾರ್ಮಿಕ ಕಚೇರಿಯ ಮುಖ್ಯಾಧಿಕಾರಿಗಳ ಘನ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮಕ್ಕ ಕುಂಥಿಯಾ ಏಳು ತಿಂಗಳ ಬಸುರಿ. ಅವಳು ಮಲಗುವುದು ಕರಿ ಪರದೆ ಹೊದಿಸಿದ ಪ್ಲಾಸ್ಟಿಕ್ ಗುಡಾರದೊಳಗಿನ ಒಂದು ತಗಡಿನ ಪೆಟ್ಟಿಗೆಯಲ್ಲಿ. ನಿಮ್ಮ ಕಚೇರಿಯವರು ಬಂದು, ನೋಡಿ, 'ಬೆಚ್ಚಗಿದೆ, ಬೆಳಕಿದೆ, ವಾಸಕ್ಕೆ ಯೋಗ್ಯವಾಗಿದೆ' ಎಂದು ತೀರ್ಮಾನ ಕೊಟ್ಟಿದ್ದು ಆ ಪೆಟ್ಟಿಗೆಯ ಬಗ್ಗೆ ಅಲ್ಲ, ಅದರ ಪಕ್ಕದಲ್ಲಿರುವ ಸೊಪ್ಪಿನ ಮನೆಯ ಬಗ್ಗೆ. ಸೊಪ್ಪಿನ ಪರವಾಗಿ ನಾವು ಕೃತಜ್ಞರು. ಆದರೆ ಆ ತೀರ್ಮಾನದಿಂದಾಗಿ ಅಕ್ಕ ಈ ತೋಟ ಬಿಟ್ಟು ಗಂಡನಿರುವ ಊರಿಗೆ ಹೋಗುವ ಹಾಗಿಲ್ಲ. ಹೋಗದಿದ್ದರೆ ಹುಟ್ಟುವ ಮಗುವನ್ನು ಮಲಗಿಸಲು ಜಾಗವಿಲ್ಲ. ಜಾಗವಿಲ್ಲದ ಮಗುವನ್ನು ಇಲ್ಲಿ ಏನು ಮಾಡುತ್ತಾರೆ ಎಂಬುದು ಈ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು: ಕೊರಿಯಾದಿಂದ ನಮ್ಮ ಕಾಂಬೋಡಿಯಾಕ್ಕೆ ಹೋಗುವ ಯಾರಾದರೂ ಪುಣ್ಯಾತ್ಮರ ಕೈಗೆ ಕೊಟ್ಟು ಅಜ್ಜಿಯ ಹತ್ತಿರ ಕಳಿಸುತ್ತಾರೆ. ಹೀಗಾಗಬಾರದು ಎಂಬುದೊಂದೇ ಈ ಪತ್ರದ ಉದ್ದೇಶ. ಉಳಿದದ್ದೆಲ್ಲ ತಮ್ಮ ಮನರಂಜನೆಗಾಗಿ.

ತಾವು ಕುರ್ಚಿಯಲ್ಲಿ ಕೂತು ಓದುತ್ತೀರಿ ಎಂಬ ಭರವಸೆಯಿಂದ ಮೊದಲು ನಮ್ಮ ತೋಟದ ವಸತಿ ವ್ಯವಸ್ಥೆಯನ್ನು ನಿವೇದಿಸಿಕೊಳ್ಳುತ್ತೇನೆ. ಇಲ್ಲಿ ಎರಡು ಬಗೆಯ ಮನೆಗಳಿವೆ, ಬಿಳಿ ಮನೆ ಮತ್ತು ಕರಿ ಮನೆ. ಬಿಳಿ ಮನೆಗಳಲ್ಲಿ ಕೆನ್ನಿಪ್ ವಾಸವಾಗಿದೆ. ಸುಟ್ಟ ಮಾಂಸವನ್ನು ಸುತ್ತಿ ತಾವು ಬಾಯಿಗಿಡುವ ಆ ಅಗಲವಾದ, ಘಮಘಮಿಸುವ ಎಲೆಯೇ ಕೆನ್ನಿಪ್. ನಾವದನ್ನು ಬೆಳಗಿಂದ ಬೈಗಿನವರೆಗೆ ಕೊಯ್ದು, ವೀಳ್ಯದೆಲೆಯ ಹಾಗೆ ಜೋಡಿಸಿ, ಕಟ್ಟು ಕಟ್ಟಿ, ಪೆಟ್ಟಿಗೆಗೆ ತುಂಬುತ್ತೇವೆ. ಅದಕ್ಕೆ ಚಳಿಯಾಗದಂತೆ ಎರಡು ಪದರದ ಪ್ಲಾಸ್ಟಿಕ್ಕು ಹೊದಿಸಿದ್ದಾರೆ. ಪದರಗಳ ನಡುವೆ ನೆಲದಾಳದ ಬೆಚ್ಚನೆಯ ನೀರನ್ನು ಸುರಿಸುತ್ತಾರೆ. ಅಷ್ಟೂ ಸಾಲದೆಂದು ರಾತ್ರಿ ತಲೆಯ ಮೇಲೆ ಸಾಲು ಸಾಲಾಗಿ ಬಲ್ಬು ಉರಿಸುತ್ತಾರೆ. ಯಾಕೆಂದರೆ ಹಗಲು ಗಿಡ್ಡವಾಯಿತು, ಚಳಿಗಾಲ ಬಂತು ಎಂದು ಗಿಡಕ್ಕೆ ಗೊತ್ತಾದರೆ ಅದು ಎಲೆ ಬಿಡುವುದನ್ನು ನಿಲ್ಲಿಸಿ ಹೂ ಬಿಡಲು ಶುರು ಮಾಡುತ್ತದೆ. ಆದ್ದರಿಂದ ಚಳಿಗಾಲದ ಸುದ್ದಿ ಅದರ ಕಿವಿಗೆ ಬೀಳಬಾರದು. ಇಡೀ ಕಣಿವೆ ಒಟ್ಟಾಗಿ ಈ ಗುಟ್ಟನ್ನು ಕಾಪಾಡಿಕೊಂಡು ಬಂದಿದೆ. ಹೆದ್ದಾರಿಯಲ್ಲಿ ಹೋಗುವಾಗ ತಾವು ನೋಡಿರಬೇಕು, ಕತ್ತಲಾದ ಮೇಲೆ ಗುಡ್ಡದ ಬುಡದುದ್ದಕ್ಕೂ ದೀಪಾಲಂಕಾರ. ಹಬ್ಬವೇನೂ ಅಲ್ಲ ಸ್ವಾಮಿ, ಸೊಪ್ಪಿಗೆ ಹೇಳುತ್ತಿರುವ ಸುಳ್ಳು.

ನಮ್ಮಿಂದ ಮಾತ್ರ ಚಳಿಗಾಲದ ಸುದ್ದಿಯನ್ನು ಯಾರೂ ಮುಚ್ಚಿಟ್ಟಿಲ್ಲ. ಕರಿ ಮನೆಗೆ ಒಂದೇ ಪದರ. ಮೇಲೆ ಕರಿ ಪರದೆ, ರಸ್ತೆಯಿಂದ ನೋಡುವವರಿಗೆ ಒಳಗಿರುವುದು ಕಾಣದಿರಲೆಂದು. ಒಳಗೆ ಸರಕು ಸಾಗಿಸುವ ತಗಡಿನ ಪೆಟ್ಟಿಗೆ, ಅದಕ್ಕೆ ಕೊರೆದ ಒಂದು ಕಿಟಕಿ, ಕಿಟಕಿಯಾಚೆಗೆ ಅದೇ ಕರಿ ಪರದೆ. ವಿದ್ಯುತ್ ಚಾಪೆಯೊಂದಿದೆ. ಅದು ಬೆನ್ನನ್ನು ಬೇಯಿಸುತ್ತದೆ, ಮೂಗನ್ನು ಹೆಪ್ಪುಗಟ್ಟಿಸುತ್ತದೆ. ಎದ್ದಾಗ ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿಯಾಗಿ ಉಳಿದ ರೊಟ್ಟಿಯಂತೆ ಇರುತ್ತೇವೆ. ಪಾಯಿಖಾನೆ ಗುಡಾರದ ಹಿಂದೆ, ಗುಂಡಿಯ ಮೇಲೆ ಹಾಸಿದ ಎರಡು ಹಲಗೆ. ಹಲಗೆಯ ಮೇಲೆ ರಾತ್ರಿ ಮಂಜು ಕೂತು ಗಾಜಿನಂತಾಗುತ್ತದೆ. ಹೊಟ್ಟೆ ಮುಂದೆ ಬಂದ ಹೆಂಗಸು ಅದರ ಮೇಲೆ ಹೇಗೆ ಕೂರುತ್ತಾಳೆ ಎಂದು ತಾವು ಕೇಳಬಾರದು. ಅಕ್ಕ ನನ್ನ ಭುಜ ಹಿಡಿದುಕೊಳ್ಳುತ್ತಾಳೆ, ನಾನು ಅತ್ತ ಮುಖ ಮಾಡಿ ನಿಂತು ನಮ್ಮ ದೇಶದ ರಾಷ್ಟ್ರಗೀತೆ ಹಾಡುತ್ತೇನೆ. ಗಂಭೀರ ಸಂದರ್ಭಕ್ಕೆ ಗಂಭೀರ ಹಾಡು.

ನನ್ನ ಬಗ್ಗೆ ಹೆಚ್ಚೇನಿಲ್ಲ. ಹೆಸರು ವಿರಿಯಾಕ್, ಕಾಂಬೋಡಿಯಾದ ಬಟ್ಟಂಬಾಂಗ್ ಕಡೆಯವನು. ಅಕ್ಕ ಮೊದಲು ಬಂದಳು, ನಾನು ಅವಳ ಹಿಂದೆ ಬಂದೆ, ಇಬ್ಬರೂ ಒಂದೇ ತೋಟಕ್ಕೆ ಬಿದ್ದೆವು. ಅವಳ ಗಂಡ ಸಾರಿತ್ ಭಾವ ಕೂಡ ಇದೇ ದೇಶದಲ್ಲಿದ್ದಾನೆ, ಗುಡ್ಡದಾಚೆಯ ಜಿಲ್ಲೆಯ ಅಣಬೆ ತೋಟದಲ್ಲಿ. ಹೆಂಡತಿ ಬೆಳೆಸುವ ಬೆಳೆಗೆ ಕತ್ತಲಾಗಬಾರದು, ಗಂಡ ಬೆಳೆಸುವ ಬೆಳೆಗೆ ಬೆಳಕಾಗಬಾರದು. ಇಂಥ ಸಂಸಾರವನ್ನು ಯಾವ ಜೋಯಿಸ ಕೂಡಿಸಿದನೋ! ಆ ಅಣಬೆ ತೋಟದ ಯಜಮಾನ್ತಿ ಒಳ್ಳೆಯವಳು. ಭಾವನಿಗೆ ಇಟ್ಟಿಗೆ ಗೋಡೆಯ ಕೋಣೆ ಕೊಟ್ಟಿದ್ದಾಳೆ, ನೆಲ ಬಿಸಿಯಾಗಿರುತ್ತದೆ, ಬಾಗಿಲಿಗೆ ಚಿಲಕವಿದೆ. "ಹೆಂಡ್ತೀನ ಕರ್ಕೊಂಡ್ ಬಾರಪ್ಪ, ಕೆಲಸಕ್ಕೆ ಹೆತ್ತಾದ್ಮೇಲೆ ಬರ್ಲಿ, ಮೊದ್ಲು ಬಂದು ಕೋಣೆ ಸೇರ್ಲಿ" ಎಂದಿದ್ದಾಳೆ. ಇಷ್ಟೆಲ್ಲ ಕೂಡಿ ಬಂದಿರುವಾಗ ಅಡ್ಡ ಬಂದದ್ದು ಏನು? ತಮ್ಮ ನಿಯಮ. ನಾವು ಬಂದ ಪರವಾನಗಿಯ ಪ್ರಕಾರ ಯಜಮಾನರು ಸಹಿ ಹಾಕಿ ಬಿಟ್ಟುಕೊಡದೆ ತೋಟ ಬದಲಾಯಿಸುವಂತಿಲ್ಲ. ಇಲ್ಲವೇ, ಇರಲು ಕೊಟ್ಟ ಜಾಗ ಮನುಷ್ಯರಿಗೆ ತಕ್ಕದ್ದಲ್ಲ ಎಂದು ನಿಮ್ಮ ಕಚೇರಿ ಹೇಳಬೇಕು. ಯಜಮಾನರು ಸಹಿ ಹಾಕಲಿಲ್ಲ. ಹಾಗಾಗಿ ಅಕ್ಕ ನಿಮ್ಮ ಕಚೇರಿಯ ಬಾಗಿಲಿಗೆ ಬಂದಳು.

ಯಜಮಾನರನ್ನು ದೂರಲು ನನಗೆ ಮನಸ್ಸಿಲ್ಲ. ಸಹಿ ಯಾಕೆ ಹಾಕಲ್ಲ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ನಾನು ಬಿಟ್ರೆ ಅವಳ ಜಾಗಕ್ಕೆ ಇನ್ನೊಬ್ರನ್ನ ಯಾವಾಗ ಕಳಿಸ್ತಾರೆ? ಬೆಳೆ ಮುಗಿದ್ಮೇಲೆ. ಅಲ್ಲಿವರ್ಗೂ ಎಲೆ ನೀನು ಕೊಯ್ತೀಯಾ, ನಿನ್ ಎರಡು ಕೈಲಿ?" ನನಗೆ ಎರಡೇ ಕೈ ಇರುವುದು ನಿಜ. ಅವರನ್ನೂ ನೀವು ಎಲೆಯ ಹಾಗೇ ಕಟ್ಟಿದ್ದೀರಿ, ದಾರ ಮಾತ್ರ ಬೇರೆ.

ಈಗ ತಪಾಸಣೆಯ ಪ್ರಸಂಗಕ್ಕೆ ಬರುತ್ತೇನೆ. ಜನವರಿಯ ಒಂದು ಬೆಳಗ್ಗೆ ನಿಮ್ಮ ಅಧಿಕಾರಿ ಬಂದರು. ಸಭ್ಯರು, ಮೃದುಭಾಷಿ, ಕೊರಳಿಗೆ ಹೆಣಿಗೆಯ ಮಫ್ಲರು. ಕಾರಿನಿಂದ ಇಳಿದದ್ದೇ ತಡ, ಗುಡ್ಡದ ಗಾಳಿ ಅವರ ಮಫ್ಲರಿನ ಎರಡೂ ತುದಿಯನ್ನು ಹಿಡಿದು ಎಳೆಯಿತು. ಹತ್ತಿರದ ಬಾಗಿಲು ಯಾವುದಿತ್ತೋ ಅದಕ್ಕೆ ನುಗ್ಗಿದರು. ಅದು ಬಿಳಿ ಮನೆಯ ಬಾಗಿಲು. ಒಳಗೆ ಬಂದ ತಕ್ಷಣ ಅವರ ಕನ್ನಡಕದ ಮೇಲೆ ಹಬೆ ಕೂತಿತು. ಹಬೆ ಕೂತ ಕನ್ನಡಕದಲ್ಲೇ ಸುತ್ತ ನೋಡಿ, "ಆಹಾ, ಬೆಚ್ಚಗಿದೆಯಲ್ಲ!" ಎಂದರು. ಆಮೇಲೆ ಹೊರಗೆ ಹೋಗುವ ಮಾತೇ ಬರಲಿಲ್ಲ.

"ಇಲ್ಲೇನಾ ಇವರು ಇರೋದು?" ಎಂದು ಕೇಳಿದರು.

"ಬೆಳಗ್ಗೆಯಿಂದ ಕತ್ತಲಾಗೋವರ್ಗೂ ಇಲ್ಲೇ ಇರ್ತಾರೆ ಸಾರ್," ಎಂದರು ಯಜಮಾನರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ.

ಕಾಗದದ ಲೋಟದಲ್ಲಿ ಸಿಹಿ ಕಾಫಿ ಬಂತು. ಅಧಿಕಾರಿಗಳು ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ, ಗಿಡಗಳಿಗೆಂದು ಕಂಬಕ್ಕೆ ನೇತುಹಾಕಿದ್ದ ಉಷ್ಣಮಾಪಕದ ಫೋಟೋ ತೆಗೆದರು. ಬಲ್ಬುಗಳ ಫೋಟೋ ತೆಗೆದರು. ಪ್ಲಾಸ್ಟಿಕ್ಕಿನಾಚೆ ಮಸುಕಾಗಿ ಕಾಣುತ್ತಿದ್ದ ಕರಿ ಗುಡಾರದ ಕಡೆ ಲೋಟ ತೋರಿಸಿ, "ಅದೇನು?" ಎಂದರು.

"ಸಾಮಾನು ಇಡೋ ಜಾಗ ಸಾರ್."

ಇಲ್ಲಿ ನಾನು ಬಾಯಿ ಹಾಕಿದೆ. ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದವನು ಎದ್ದು, ಗೌರವದಿಂದ ತಲೆ ಬಾಗಿಸಿ, "ಸಾರ್, ನಾವು ಮಲಗೋದು ಅಲ್ಲಿ. ಆ ಸಾಮಾನು ನಾವೇ," ಎಂದೆ.

ಅವರು ನನ್ನ ಕಡೆ ತಿರುಗಿ ಮುಖ ಅರಳಿಸಿದರು. "ಅರೆ, ಎಷ್ಟು ಚೆನ್ನಾಗಿ ನಮ್ಮ ಭಾಷೆ ಮಾತಾಡ್ತೀಯಪ್ಪ! ಬಂದು ಎಷ್ಟು ವರ್ಷ ಆಯ್ತು?"

"ಸಾರ್, ಅಲ್ಲಿ ಒಂದ್ಸಲ ಬಂದು ನೋಡಿದ್ರೆ—"

"ಉಚ್ಚಾರಣೆ ನೋಡ್ರಿ ಇವನ್ದು! ಟೀವೀಲಿ ಬರಬಹುದು ನೀನು."

ನನ್ನ ಜೀವಮಾನದಲ್ಲಿ ಹೊಗಳಿಕೆಯಿಂದ ಇಷ್ಟು ಚೆನ್ನಾಗಿ ಯಾರೂ ನನ್ನ ಬಾಯಿ ಮುಚ್ಚಿಸಿರಲಿಲ್ಲ. ಅವರು ಅಕ್ಕನಿಗೂ ಒಂದು ಮಾತು ಹೇಳಿದರು: "ಬಸುರಿ ಹೆಂಗಸು, ಬಗ್ಗಿ ಕೆಲಸ ಮಾಡ್ಬೇಡಮ್ಮ." ಕೆನ್ನಿಪ್ ಗಿಡ ಮೊಣಕಾಲಿನೆತ್ತರ ಇರುತ್ತದೆ ಎಂಬುದು ಅವರ ಗಮನಕ್ಕೆ ಬರಲಿಲ್ಲ, ಕನ್ನಡಕದ ಹಬೆ ಇನ್ನೂ ಆರಿರಲಿಲ್ಲವೇನೋ. ಹೋಗುವಾಗ ಯಜಮಾನರು ಒಂದು ಪೆಟ್ಟಿಗೆ ಎಲೆ ಕೊಡಲು ಹೋದರು. ಅವರು ಮುಟ್ಟಲಿಲ್ಲ. ಲಂಚ ತೆಗೆದುಕೊಳ್ಳದ ಅಧಿಕಾರಿ ಎಂದು ಇಲ್ಲಿ ಬಹಿರಂಗವಾಗಿ ಪ್ರಶಂಸಿಸುತ್ತೇನೆ. ಅವರು ತೆಗೆದುಕೊಂಡು ಹೋದದ್ದು ಸೊಪ್ಪಿನ ಬಿಸಿಯನ್ನು ಮಾತ್ರ, ಅಕ್ಕನ ಹೆಸರಿನಲ್ಲಿ.

ವಾರ ಕಳೆಯುವುದರೊಳಗೆ ನಿಮ್ಮ ಉತ್ತರ ಬಂತು. ವಸತಿ ತೃಪ್ತಿಕರ, ಸ್ಥಳ ಬದಲಾವಣೆಗೆ ಸಕಾರಣವಿಲ್ಲ. ಅಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿ, ಅನ್ನಕ್ಕೆ ನೀರಿಟ್ಟಳು. ಆಮೇಲೆ ಹೇಳಿದಳು, "ಬಿಡೋ. ದೊಡ್ಡವ್ರು ನೋಡಿ ಹೇಳಿದ್ದಾರೆ."

"ದೊಡ್ಡವ್ರು ನೋಡಿ ಹೇಳಿದ್ದಾರಲ್ಲ, ಹಾಗಾದ್ರೆ ನಡಿ," ಎಂದೆ ನಾನು.

"ಎಲ್ಲಿಗೆ?"

"ನಮ್ಮನೆಗೆ ಕಣೇ ಅಕ್ಕ. ಸರ್ಕಾರ ಕೊಟ್ಟಿರೋ ಮನೆಗೆ."

ಮಾನ್ಯರೇ, ಕಾನೂನನ್ನು ಪಾಲಿಸುವುದರಲ್ಲಿ ನನ್ನಷ್ಟು ಕಟ್ಟುನಿಟ್ಟಿನವನು ಈ ಕಣಿವೆಯಲ್ಲಿಲ್ಲ. ಅಂದು ಸಂಜೆಯೇ ಅಕ್ಕನ ಚಾಪೆ, ಅನ್ನದ ಕುಕ್ಕರು, ಪ್ರಾಹೋಕ್ ಎಂಬ ಮೀನಿನ ಗೊಜ್ಜಿನ ಡಬ್ಬಿ, ಅಮ್ಮ ಕಳಿಸಿದ್ದ ಚೌಕಳಿಯ ಸ್ಕಾರ್ಫು, ಹುಟ್ಟಲಿರುವ ಮಗುವಿಗೆಂದು ಭಾವ ತಂದಿಟ್ಟಿದ್ದ ಸಣ್ಣ ಟೋಪಿ, ಎಲ್ಲವನ್ನೂ ಎಲೆ ಸಾಗಿಸುವ ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಿಳಿ ಮನೆಗೆ ಬಿಡಾರ ಬದಲಾಯಿಸಿದೆ. ಮೂರನೇ ಸಾಲಿನ ಕೊನೆಯಲ್ಲಿ, ಉಷ್ಣಮಾಪಕದ ಕಂಬದ ಕೆಳಗೇ ಹಾಸಿಗೆ ಹಾಸಿದೆ. ತಮ್ಮ ಇಲಾಖೆ ಫೋಟೋ ತೆಗೆದ ಜಾಗ ತಪ್ಪಬಾರದಲ್ಲ! ಒಂದು ರಟ್ಟಿನ ತುಂಡಿನ ಮೇಲೆ 'ಕುಂಥಿಯಾ ಮತ್ತು ಕುಟುಂಬ, ಸರ್ಕಾರಿ ಮಾನ್ಯತೆ ಪಡೆದ ನಿವಾಸ, ದಯವಿಟ್ಟು ಚಪ್ಪಲಿ ಹೊರಗೆ ಬಿಡಿ' ಎಂದು ಬರೆದು ಬಾಗಿಲಿಗೆ ತೂಗುಹಾಕಿದೆ. ಅಕ್ಕ ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೆಂದರೆ, ಆ ನಗುವಿನ ಸದ್ದಿಗೆ ನನಗೇ ಒಂದು ಕ್ಷಣ ಗಾಬರಿಯಾಯಿತು.

ಮೊದಮೊದಲು ಯಾರಿಗೂ ಗೊತ್ತಾಗಲಿಲ್ಲ, ಬೆಳಗಾಗುವ ಮೊದಲೇ ಚಾಪೆ, ಕುಕ್ಕರು, ಫಲಕ ಎಲ್ಲವನ್ನೂ ಖಾಲಿ ಪೆಟ್ಟಿಗೆಗಳ ಹಿಂದೆ ಸೇರಿಸುತ್ತಿದ್ದೆವು. ತೊಂದರೆ ಶುರುವಾದದ್ದು ಬೆಳಕಿನಿಂದ. ಬೆಚ್ಚಗೇನೋ ಇತ್ತು, ಆದರೆ ಕಣ್ಣಿನ ಮೇಲೆ ಬಲ್ಬು ಉರಿಯುತ್ತಿದ್ದರೆ ಮನುಷ್ಯರಿಗೆ ನಿದ್ದೆ ಬರುವುದಿಲ್ಲ. ನಮಗೆ ನಿದ್ದೆ ಬೇಕು, ಗಿಡಕ್ಕೆ ಎಚ್ಚರ ಬೇಕು. ಅಕ್ಕ ಮೂರನೇ ಸಾಲಿನ ಸ್ವಿಚ್ಚು ಆರಿಸಿ ಮಲಗತೊಡಗಿದಳು. ಬೆಳಗಾಗುವ ಮೊದಲು ಮತ್ತೆ ಹಾಕುತ್ತಿದ್ದಳು. ಪಾಪ, ತಾನು ಕದ್ದಿದ್ದು ಬರೀ ಕತ್ತಲು, ಅದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದಳು. ಆದರೆ ಮೂರನೇ ಸಾಲಿಗೆ ಸುದ್ದಿ ಮುಟ್ಟಿಬಿಟ್ಟಿತ್ತು. ಫೆಬ್ರವರಿಯ ಮೊದಲಲ್ಲಿ ಆ ಸಾಲಿನ ಗಿಡಗಳ ತುದಿಯಲ್ಲಿ ಮೊಗ್ಗಿನ ತೆನೆ ಕಾಣಿಸಿತು. ಅಂದು ರಾತ್ರಿ ಯಜಮಾನರು ಮೊಗ್ಗು ಹಿಡಿದುಕೊಂಡು ಸಾಲಿನ ಕೊನೆಯವರೆಗೂ ಬಂದರು. ಅಲ್ಲಿ ಚಾಪೆ ಕಂಡರು, ಕುಕ್ಕರು ಕಂಡರು, ನಮ್ಮನ್ನೂ ಕಂಡರು.

"ಏನೋ ಇದು?"

"ಮನೆ ಯಜಮಾನ್ರೇ."

"ಯಾರ ಮನೆ?"

"ನಮ್ಮದೇ. ನೀವೇ ತೋರಿಸಿದ್ರಲ್ಲ ಸಾಹೇಬ್ರಿಗೆ. ಅವ್ರು ಒಪ್ಪಿದ್ರಲ್ಲ. ಇಷ್ಟು ದಿನ ಗೊತ್ತಿಲ್ದೆ ಬೇರೆ ಕಡೆ ಮಲಗ್ತಿದ್ವಿ, ತಪ್ಪಾಯ್ತು."

ಅವರ ಮುಖ ಕೆಂಪಾಯಿತು, ಬಿಳಿಯಾಯಿತು, ಮತ್ತೆ ಕೆಂಪಾಯಿತು. "ಎಲೆಗೆ ನಿಮ್ಮ ಮೀನಿನ ನಾತ ಹಿಡಿಯುತ್ತೋ! ಪೇಟೇಲಿ ಯಾರು ತಗೋತಾರೆ ಇದನ್ನ? ಹೂ ಬಿಟ್ಟಿದೆ ನೋಡಿಲ್ಲಿ, ಹೂ! ಈ ಸಾಲೆಲ್ಲ ಹೋಯ್ತು!"

"ಯಜಮಾನ್ರೇ, ಗಿಡಕ್ಕೆ ಚಳಿಗಾಲ ಗೊತ್ತಾದ್ರೆ ನಷ್ಟ, ಸರಿ. ಅಕ್ಕನಿಗೆ ಗೊತ್ತಾದ್ರೆ?"

ಅವರು ಮೊಗ್ಗನ್ನು ನೆಲಕ್ಕೆ ಬಿಸಾಕಿ, ಚಾಪೆಯನ್ನು ತಾವೇ ಸುತ್ತಿ, ಅಕ್ಕನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟರು. ಅಷ್ಟು ಮರ್ಯಾದೆ ಅವರಿಗಿದೆ. ಅಂದಿನಿಂದ ಬಿಳಿ ಮನೆಗೆ ಸಂಜೆ ಬೀಗ ಬೀಳುತ್ತದೆ. ನಿಮ್ಮ ಇಲಾಖೆ ಮಂಜೂರು ಮಾಡಿದ ನಿವಾಸದಿಂದ ನಾವು ಹೀಗೆ ಒಕ್ಕಲೆದ್ದು ಕರಿ ಮನೆಗೆ ವಾಪಸು ಬಂದೆವು. ಆ ರಟ್ಟಿನ ಫಲಕವನ್ನು ಈಗ ಹಲಗೆಯ ಪಾಯಿಖಾನೆಗೆ ತೂಗುಹಾಕಿದ್ದೇನೆ. ಅಲ್ಲಿಯೂ ಚಪ್ಪಲಿ ಬಿಡಬೇಕೇ ಎಂದು ಪಕ್ಕದ ತೋಟದವರು ವಿಚಾರಿಸುತ್ತಿದ್ದಾರೆ.

ಕ್ಷಮಿಸಿ, ಅಕ್ಕ ಕರೆಯುತ್ತಿದ್ದಾಳೆ. ಬಂದೆ.

ಬಂದೆ. ನಲ್ಲಿ ಹೆಪ್ಪುಗಟ್ಟಿತ್ತು, ಬಿಸಿನೀರು ಹುಯ್ದು ಬಿಡಿಸಿದೆ. ಈ ಪತ್ರ ಬರೆಯಲು ಕೂತಾಗಿನಿಂದ ಹೀಗೇ ಏಳುವುದು, ಕೂರುವುದು. ಕೂತರೆ ಕಾಲು ಕುಣಿಯುತ್ತದೆ, ನಿಂತರೆ ಕೈ ಬರೆಯಲು ಹವಣಿಸುತ್ತದೆ. ಕುಣಿಯುವ ಕಾಲಿಗೆ ಅಕ್ಕ ಬೈಯುತ್ತಾಳೆ, "ಪೆಟ್ಟಿಗೆಯೆಲ್ಲ ಅಲ್ಲಾಡುತ್ತೆ ಕಣೋ, ಮಗು ಎದ್ದೇಳುತ್ತೆ." ಇನ್ನೂ ಹುಟ್ಟದ ಮಗುವಿನ ನಿದ್ದೆಗೆ ಭಂಗ ತಂದ ಆರೋಪವೂ ನನ್ನ ಮೇಲೆ ಬಂದಿದೆ.

ಎಲ್ಲಿದ್ದೆ? ಹಾಂ, ಯಜಮಾನರ ತಾಯಿ. ಎಂಬತ್ತು ದಾಟಿದ ಅಜ್ಜಿ, ಈಗಲೂ ನಮ್ಮ ಜತೆ ಕೂತು ಎಲೆ ಕಟ್ಟುತ್ತಾರೆ, ನಮಗಿಂತ ಚುರುಕಾಗಿ. ಮೊಗ್ಗಿನ ರಾದ್ಧಾಂತವಾದ ಮಾರನೇ ದಿನ ಅವರು ಅಕ್ಕನನ್ನು ತಮ್ಮ ಪಕ್ಕ ಕೂರಿಸಿಕೊಂಡು, ಮಗನಿಗೆ ಕೇಳಲೆಂದೇ ಎನ್ನುವ ಹಾಗೆ ಗಟ್ಟಿಯಾಗಿ ಹೇಳಿದರು: "ನಮ್ಮೆಜಮಾನ್ರು ಜರ್ಮನಿಗೆ ಹೋಗಿದ್ರು ಕಣವ್ವ, ಕಲ್ಲಿದ್ದಲು ಅಗೆಯೋಕೆ. ಇವನಿನ್ನೂ ಹುಟ್ಟಿರ್ಲಿಲ್ಲ. ಆಗ ಇಲ್ಲಿ ತಿನ್ನೋಕೆ ಏನಿತ್ತು? ಎಲ್ಲ ಹೋಗೋರು. ಗಣಿಯಿಂದ ಮೇಲೆ ಬಂದ ತಕ್ಷಣ ಬಿಸಿನೀರ ಸ್ನಾನ ಅಂತ ಕಾಗದ ಬರೆದಿದ್ರು. ಮಲಗೋ ಕೋಣೇಲಿ ಒಲೆಯಂತೆ. ನಂಗೆ ಹೊಟ್ಟೆ ಉರಿದುಹೋಯ್ತು. ಇಲ್ಲಿ ನಾನು ಹೊಳೆ ಮಂಜುಗಡ್ಡೆ ಒಡೆದು ಬಟ್ಟೆ ಒಗೀತಿದ್ದೆ."

"ಅಲ್ಲಿ ಯಾರಾದ್ರೂ ಕಪ್ಪು ಪರದೆ ಹಾಕಿದ್ರಾ ಅಜ್ಜಿ?" ಎಂದೆ ನಾನು.

"ಸುಮ್ನಿರೋ ತಲೆಹರಟೆ," ಎಂದರು ಅಜ್ಜಿ. ಸ್ವಲ್ಪ ಹೊತ್ತು ಎಲೆ ಕಟ್ಟಿ, ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ಹಾಕಿದ್ರೆ ನನಗೆ ಬರೀತಿರ್ಲಿಲ್ಲ ಅವ್ರು. ಈ ಹುಡುಗೀನೂ ಅವಳಮ್ಮಂಗೆ ಬರೆದಿರೋಲ್ಲ," ಎಂದರು.

ನಿಜ. ಅಕ್ಕ ಅಮ್ಮನಿಗೆ ವಿಡಿಯೋ ಕರೆ ಮಾಡುವುದು ಯಾವಾಗಲೂ ಬಿಳಿ ಮನೆಯಿಂದ. ಹಿಂದೆ ಹಸಿರು ಎಲೆ, ಮೇಲೆ ದೀಪ. "ಎಷ್ಟು ಚೆಂದ ಇದೆಯೇ ನಿಮ್ಮನೆ!" ಎನ್ನುತ್ತಾಳೆ ಅಮ್ಮ. ನಿಮ್ಮ ಅಧಿಕಾರಿಗಿಂತ ಮೊದಲೇ ಆ ಮನೆಗೆ ಮಾನ್ಯತೆ ಕೊಟ್ಟವಳು ಅವಳು. ಆದರೆ ಅವಳು ಸಾವಿರಾರು ಮೈಲಿ ದೂರದಲ್ಲಿ, ಅಂಗೈಯಗಲದ ಗಾಜಿನಲ್ಲಿ ನೋಡಿದಳು. ನಿಮ್ಮವರು ಬಾಗಿಲಿಗೇ ಬಂದಿದ್ದರು.

ಪಟ್ಟಣದಲ್ಲಿ ವಲಸೆಯವರಿಗೆ ಸಲಹೆ ಕೊಡುವ ಕೇಂದ್ರವೊಂದಿದೆ. ಅಲ್ಲಿನ ಮೇಡಂ ಒಬ್ಬರು ಭಾನುವಾರದ ನೂಡಲ್ಸ್ ಜತೆಗೆ ನಮಗೆ ಕಾನೂನನ್ನೂ ಬಡಿಸುತ್ತಾರೆ. ಅವರಿಂದ ನನಗೆ ತಿಳಿದದ್ದು: ವಲಸೆ ಕಾರ್ಮಿಕರನ್ನೂ ಅವರ ಕುಟುಂಬದವರನ್ನೂ ಕಾಪಾಡಲು ಅಂತರರಾಷ್ಟ್ರೀಯ ಒಡಂಬಡಿಕೆಯೊಂದಿದೆ, ನಾನು ಹುಟ್ಟುವುದಕ್ಕೂ ಮೊದಲೇ ವಿಶ್ವಸಂಸ್ಥೆ ಅಂಗೀಕರಿಸಿದ್ದು. ಕುಟುಂಬ ಒಟ್ಟಾಗಿರುವಂತೆ ನೋಡಿಕೊಳ್ಳಬೇಕು ಎಂದು ಅದರಲ್ಲಿದೆ. ಹುಟ್ಟಿದ ಮಗುವಿಗೆ ಹೆಸರು, ದಾಖಲೆ, ದೇಶ ಇರಬೇಕು ಎಂದಿದೆ. ಓದುತ್ತಾ ಹೋದರೆ ಕಣ್ಣು ತುಂಬಿ ಬರುತ್ತದೆ. "ಹಾಗಾದ್ರೆ ಇದನ್ನೇ ತಗೊಂಡ್ಹೋಗಿ ಕಚೇರಿ ಮೇಜಿನ ಮೇಲೆ ಇಡ್ತೀನಿ ಮೇಡಂ" ಎಂದೆ. ಅವರು ನಕ್ಕು, "ಇಡು. ಆದ್ರೆ ನಮ್ಮ ದೇಶ ಅದಕ್ಕೆ ಸಹಿ ಹಾಕಿಲ್ಲ ಕಣೋ," ಎಂದರು.

"ನಮ್ಮ ಕಾಂಬೋಡಿಯಾ?"

"ನಿಮ್ಮದು ಸಹಿ ಹಾಕಿದೆ. ಅನುಮೋದಿಸಿಲ್ಲ."

ಅಂದರೆ, ಮಾನ್ಯರೇ, ನಮ್ಮ ದೇಶ ನಿಶ್ಚಿತಾರ್ಥ ಮಾಡಿಕೊಂಡು ಮದುವೆ ಮುಂದೂಡುತ್ತಲೇ ಬಂದಿದೆ. ನಿಮ್ಮ ದೇಶ ಹೆಣ್ಣು ನೋಡಲೂ ಬರಲಿಲ್ಲ. ಸಹಿ ಹಾಕಿ ಮದುವೆಯನ್ನೂ ಮುಗಿಸಿರುವವರು ಯಾರು ಎಂದು ಕೇಳಿದೆ. ಬಹುಪಾಲು ನಮ್ಮಂತೆ ಜನರನ್ನು ಹೊರಗೆ ಕಳಿಸುವ ದೇಶಗಳಂತೆ. ಕರೆಸಿಕೊಳ್ಳುವ ಶ್ರೀಮಂತ ದೇಶಗಳು ಇನ್ನೂ ಯೋಚಿಸುತ್ತಿವೆಯಂತೆ. ಮಳೆ ಬಾರದ ಊರಿನವರೆಲ್ಲ ಕೊಡೆ ಹಂಚುತ್ತೇವೆಂದು ಒಪ್ಪಿದ್ದಾರೆ, ಮಳೆ ಬೀಳುವ ಊರಿನಲ್ಲಿ ಒಬ್ಬರೂ ಒಪ್ಪಿಲ್ಲ. ಇಷ್ಟು ನಗೆಚಾಟಿಕೆ ನನಗೂ ಬರುವುದಿಲ್ಲ. ಇದನ್ನು ಏರ್ಪಡಿಸಿದವರು ಯಾರೇ ಇರಲಿ, ಅವರ ಶಿಷ್ಯನಾಗಲು ಸಿದ್ಧನಿದ್ದೇನೆ.

ಆದರೆ ಒಂದು ವಿಷಯದಲ್ಲಿ ತಾವು ಸಿಕ್ಕಿಬಿದ್ದಿದ್ದೀರಿ. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಿಮ್ಮ ದೇಶ ಸಹಿ ಹಾಕಿದೆ, ಅನುಮೋದಿಸಿಯೂ ಇದೆ. ಮಗುವನ್ನು ಅಪ್ಪ ಅಮ್ಮನಿಂದ ಅವರ ಇಚ್ಛೆಗೆ ವಿರುದ್ಧವಾಗಿ ಬೇರೆ ಮಾಡಬಾರದು ಎಂದು ಅದರಲ್ಲಿ ಬರೆದಿದೆ. ಹಾಗಾದರೆ ಅಕ್ಕನಿಗೆ ಇಲ್ಲದ ಯೋಗ್ಯತೆ ಅಕ್ಕನ ಹೊಟ್ಟೆಯಲ್ಲಿರುವವರಿಗೆ ಇದೆ. ಅವರು ಹೊರಗೆ ಬಂದ ಗಳಿಗೆಯಿಂದ ತಾವು ಅವರಿಗೆ ಉತ್ತರ ಕೊಡಬೇಕಾಗುತ್ತದೆ. ಅವರು ಹುಟ್ಟಿದ ಕೂಡಲೇ ಜೋರಾಗಿ ಅಳುತ್ತಾರೆ, ಇದು ನಮ್ಮ ಮನೆತನದ ಗುಣ. ಆ ಅಳುವನ್ನೇ ಅರ್ಜಿಯೆಂದು ಸ್ವೀಕರಿಸುವಿರಾ? ಅಥವಾ 'ಉಚ್ಚಾರಣೆ ಎಷ್ಟು ಚೆನ್ನಾಗಿದೆ' ಎನ್ನುವಿರಾ?

ಇಲ್ಲಿಯವರೆಗೆ ತಮಾಷೆಯಾಗಿ ಬರೆದೆ. ಫಲ್ಲಾಳ ವಿಷಯ ಬಂದಾಗ ನನಗೆ ಅದು ಕೈಕೊಡುತ್ತದೆ. ಫಲ್ಲಾ ಪಕ್ಕದ ತೋಟದವಳು, ಅಕ್ಕನ ಗೆಳತಿ. ಹೋದ ವರ್ಷ ಅವಳಿಗೊಂದು ಹೆಣ್ಣು ಮಗು ಹುಟ್ಟಿತು. ಕರಿ ಮನೆಯಲ್ಲಿ ಅದಕ್ಕೆ ಕೆಮ್ಮು ಹಿಡಿಯಿತು. ಊರಿಗೆ ಹೊರಟಿದ್ದ ಯಾರೋ ಪರಿಚಯದವರ ಪರಿಚಯದವರು ಎತ್ತಿಕೊಂಡು ಹೋಗಲು ಒಪ್ಪಿದರು. ವಿಮಾನ ನಿಲ್ದಾಣದಲ್ಲಿ ಮಗು ಕೊಟ್ಟು ಬಂದವಳು ಅದೇ ಬಸ್ಸಿನಲ್ಲಿ ವಾಪಸು ಬಂದು, ಎದೆಯ ಮೇಲೆ ಬಟ್ಟೆ ಒದ್ದೆಯಾಗಿರುವಾಗಲೇ ಎಲೆ ಕೊಯ್ಯಲು ಕೂತಳು. ನಾನು ಏನೋ ಚೇಷ್ಟೆಯ ಮಾತಾಡಿ ಅವಳನ್ನು ನಗಿಸಲು ಹೋದೆ. ಅಕ್ಕ ನನ್ನ ಕೈ ಹಿಡಿದು ಅದುಮಿದಳು. ಈಗ ಆ ಮಗು ನಡೆಯುತ್ತದೆ. ಅಜ್ಜಿಯ ಮನೆಯಲ್ಲಿ ಯಾರ ಫೋನು ಸದ್ದು ಮಾಡಿದರೂ "ಅಮ್ಮಾ" ಎಂದು ಓಡುತ್ತದಂತೆ. ಪಕ್ಕದ ಮನೆಯ ಕೋಳಿ ವ್ಯಾಪಾರಿಯ ಫೋನಿಗೂ ಓಡುತ್ತದಂತೆ. ಫಲ್ಲಾ ಇದನ್ನು ನಗುತ್ತಾ ಹೇಳುತ್ತಾಳೆ. ಹೇಳಿ ಮುಗಿಸುವವರೆಗೂ ನಗುತ್ತಾಳೆ, ಆಮೇಲೆ ಎಲೆ ಜೋಡಿಸುತ್ತಾಳೆ.

ಆ ಕತೆ ಕೇಳಿದ ದಿನದಿಂದ ಅಕ್ಕ ತನ್ನ ಫೋನಿನ ಸದ್ದನ್ನು ಆರಿಸಿಟ್ಟಿದ್ದಾಳೆ.

ತಾವು ಏನು ಹೇಳಬಹುದು ಎಂಬುದೂ ನನಗೆ ಗೊತ್ತು. ಅಧಿಕಾರಿಗಳು ಕಡಿಮೆ, ತೋಟಗಳು ಹೆಚ್ಚು. ಒಪ್ಪಿದೆ. ದುಡಿಯಲು ಬಂದವರು ಸಂಸಾರ ಹೂಡಲು ಬಂದವರಲ್ಲ. ಇದನ್ನು ಕೇಳಿದಾಗಲೆಲ್ಲ ನನಗೆ ಅನ್ನಿಸುವುದು, ನಮ್ಮ ಕೈಗಳನ್ನು ಮಾತ್ರ ತರಿಸಿಕೊಂಡು ಉಳಿದ ಭಾಗವನ್ನು ಬಟ್ಟಂಬಾಂಗ್‌ನಲ್ಲೇ ಬಿಟ್ಟುಬರುವ ಏರ್ಪಾಡು ತಾವು ಮಾಡಬೇಕಾಗಿತ್ತು. ಮಾಡಲಿಲ್ಲ. ಕೈಗಳ ಜತೆ ಹೊಟ್ಟೆಯೂ ಬಂತು, ಎದೆಯೂ ಬಂತು, ಗಂಡನೂ ಬಂದ. ಬಂದವರೆಲ್ಲ ಕಾನೂನಿನ ಬಾಗಿಲಿನಿಂದಲೇ ಬಂದರು. ಗಂಡ ಹೆಂಡತಿ ಇಬ್ಬರೂ ನಿಮ್ಮ ಪರೀಕ್ಷೆ ಬರೆದು, ನಿಮ್ಮ ಭಾಷೆ ಕಲಿತು, ನಿಮ್ಮ ವಿಮಾನ ನಿಲ್ದಾಣದಲ್ಲಿ ಒಂದೇ ಬಣ್ಣದ ಟೋಪಿ ಹಾಕಿಕೊಂಡು ಸಾಲಾಗಿ ನಿಂತವರು. ಅವರಿಬ್ಬರೂ ಒಂದು ಬಿಸಿ ನೆಲದ ಮೇಲೆ ಮಲಗಿದರೆ ನಿಮ್ಮ ದೇಶದ ಯಾವ ಗೋಡೆ ಬಿರಿಯುತ್ತದೆ?

ಎಲೆ ತುಂಬುವ ಪೆಟ್ಟಿಗೆಯನ್ನು ತಾವೊಮ್ಮೆ ನೋಡಬೇಕು. ಅದರ ಮೇಲೆ ಎಲೆ ಬೆಳೆದ ತೋಟದ ವಿಳಾಸವಿದೆ, ಯಜಮಾನರ ನಗುಮುಖದ ಚಿತ್ರವಿದೆ, 'ಪ್ರೀತಿಯಿಂದ ಸಾಕಿದ್ದು' ಎಂಬ ಮಾತಿದೆ. ನಮ್ಮ ಗುರುತಿನ ಚೀಟಿಯ ಮೇಲೆ 'ವಾಸಸ್ಥಳ' ಎಂದಿರುವ ಕಡೆ ಒಂದು ಹೊಲದ ಸರ್ವೆ ನಂಬರು ಇದೆ. ಕೊರಿಯಾದ ಸೊಪ್ಪಿಗೆ ಮನೆಯಿದೆ, ಮನೆಗೆ ಹೆಸರಿದೆ. ನಾವು ಹೊಲದಲ್ಲಿದ್ದೇವೆ.

ಆದ್ದರಿಂದ ನಮ್ಮ ಬೇಡಿಕೆ. ಅಕ್ಕನನ್ನು ಮನುಷ್ಯಳೆಂದು ಪರಿಗಣಿಸುವುದು ತಮ್ಮ ನಿಯಮಾವಳಿಗೆ ಕಷ್ಟವಾಗುವುದಾದರೆ, ದಯಮಾಡಿ ಅವಳನ್ನು ಸೊಪ್ಪೆಂದು ಪರಿಗಣಿಸಿ. ಹಾಗೆ ಪರಿಗಣಿಸಿದರೆ ಅವಳಿಗೆ ಎರಡು ಪದರದ ಗೋಡೆ, ಬಿಸಿನೀರಿನ ಹೊದಿಕೆ, ಉಷ್ಣಮಾಪಕ, ಎಲ್ಲವೂ ತಾನಾಗಿಯೇ ಬರುತ್ತವೆ. ನೆಟ್ಟ ಜಾಗ ಸರಿಹೋಗದಿದ್ದರೆ ಕಿತ್ತು ಬೇರೆ ಕಡೆ ನೆಡುವ ಸೌಲಭ್ಯವೂ ಸಸಿಗಳಿಗಿದೆ, ಅದಕ್ಕೆ ಯಾರ ಸಹಿಯೂ ಬೇಡ. ಇದೂ ಕಷ್ಟವೆನ್ನುವುದಾದರೆ ಇನ್ನೊಂದು ದಾರಿ ಸುಲಭದ್ದು: ತಾವೇ ಬನ್ನಿ. ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ, ಬಿಳಿ ಮನೆಯ ಬಾಗಿಲನ್ನು ದಾಟಿ ಮುಂದೆ ಬನ್ನಿ. ಕರಿ ಪರದೆ ನಾನೇ ಎತ್ತಿ ಹಿಡಿಯುತ್ತೇನೆ. ನಿಮ್ಮ ಕನ್ನಡಕಕ್ಕೆ ಹಬೆ ಕೂರುವುದಿಲ್ಲ ಎಂದು ಖಾತರಿ ಕೊಡುತ್ತೇನೆ, ಅಲ್ಲಿ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ. ಅಕ್ಕ ಕಾಫಿ ಕೊಡುತ್ತಾಳೆ, ಆರುವ ಮುಂಚೆ ಕುಡಿಯಬೇಕಾಗುತ್ತದೆ. ನೋಡಿದ್ದನ್ನು ನೋಡಿದ ಹಾಗೆ ಹೇಳಿ, ಅವಳನ್ನು ಗುಡ್ಡದಾಚೆಗೆ ಹೋಗಲು ಬಿಡಿ. ನಮ್ಮ ಹೊಸ ವರ್ಷ ಏಪ್ರಿಲ್ ನಡುವಿಗೆ ಬರುತ್ತದೆ, ಮಗುವೂ ಆ ಹೊತ್ತಿಗೇ ಬರುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಅದಕ್ಕೆ ಮೊದಲೇ ಬನ್ನಿ.

ಕಚೇರಿಯ ಬಾಗಿಲಲ್ಲಿ ನಿಂತು ಸಾಕಾಗಿ ಈ ಪತ್ರವನ್ನು ಬಸ್ ನಿಲ್ದಾಣದ ಗಾಜಿಗೂ, ಎಲೆ ಹರಾಜಿನ ಕಟ್ಟೆಗೂ ಅಂಟಿಸಲಿದ್ದೇನೆ. ಅಕ್ಕನಿಗೆ ಓದಿ ಹೇಳಿದೆ. "ಇಷ್ಟೊಂದು ಹಲ್ಲು ಕಿರಿಬೇಡ್ವೋ, ಕೋಪ ಬಂದು ಇನ್ನೂ ತಡ ಮಾಡ್ತಾರೆ" ಎಂದಳು. ಹಾಗಾಗಿ ಕೊನೆಯ ಮಾತು ನಗೆಯಿಲ್ಲದೆ.

ಅಕ್ಕ ಹೇಳುವ ಪ್ರಕಾರ, ಹಗಲು ಬಿಳಿ ಮನೆಯಲ್ಲಿ ಎಲೆ ಕೊಯ್ಯುವಾಗ ಮಗು ಕೈಕಾಲು ಆಡಿಸುತ್ತದೆ, ಒದೆಯುತ್ತದೆ, ತಿರುಗುತ್ತದೆ. ಸಂಜೆ ಕರಿ ಮನೆಗೆ ಬಂದ ಕೂಡಲೇ ಒಂದು ಮೂಲೆಗೆ ಮುದುಡಿಕೊಂಡು ಗಪ್‌ಚಿಪ್ ಆಗುತ್ತದೆ. ನಾನು ಯೋಚಿಸಿ ನೋಡಿದೆ. ಅದು ಬಿಳಿ ಮನೆಯನ್ನೇ ತನ್ನ ಮನೆ ಎಂದುಕೊಂಡಿದೆ. ನಿಮ್ಮ ಕಚೇರಿ ಮಾಡಿದ ತಪ್ಪನ್ನೇ ಅದೂ ಮಾಡಿದೆ. ಅದಾದರೂ ಇನ್ನೂ ಕಣ್ಣು ಬಿಟ್ಟಿಲ್ಲ.

ಇಂತಿ,
ಗಿಡವಾಗಿ ಹುಟ್ಟುವ ಪುಣ್ಯ ಮಾಡದ,
ಹುಟ್ಟಲಿರುವ ಮಗುವಿನ ಸೋದರಮಾವ,
ವಿರಿಯಾಕ್
(ಕರಿ ಮನೆ, ಬಿಳಿ ಮನೆಯಿಂದ ಒಕ್ಕಲೆದ್ದವನು)